ಎರಡು ತಾಸಿನ ಹಾದಿ, ಮೂರು ದಿನದ ಪಯಣ

ಮೈದುನ ಬಸವರಾಜ ಬರೆದಿದ್ದ ಪತ್ರದಲ್ಲಿ ಒಂದು ಸಾಲಿತ್ತು: "ವೈನಿ, ರಾಜಧಾನಿಯಿಂದ ನಮ್ಮ ಮಾವುನ್‌ಗೆ ವಿಮಾನದಾಗ ಬರೇ ಎರಡು ತಾಸಿನ ಹಾದಿ. ಅಫಜಲಪುರದಿಂದ ಗುಲಬರ್ಗಾಕ್ಕ ಬಸ್ಸಿನಾಗ ಹೋದಂಗ ತಿಳಕೋರಿ."

ಆ ಒಂದು ಸಾಲನ್ನು ನಂಬಿಕೊಂಡು ನಾನೂ ನಮ್ಮ ಅತ್ತೆ ಗುರಮ್ಮನವರೂ ಬೋತ್ಸವಾನಾ ದೇಶಕ್ಕೆ ಹೊರಟೆವು. ಬಸವರಾಜ ಆರು ವರ್ಷದಿಂದ ಆ ದೇಶದ ಉತ್ತರದಲ್ಲಿರುವ ಮಾವುನ್ ಎಂಬ ಸಣ್ಣ ಊರಿನಲ್ಲಿ ಗಣಿತದ ಮಾಸ್ತರ. ಅವನ ಹೆಂಡತಿ ಹೆತ್ತು ಹದಿನೈದು ದಿನವಾಗಿತ್ತು. ಅವಳಿಗೆ ತಾಯಿ ಇಲ್ಲ. "ಬಾಣಂತನ ನಾನೇ ಮಾಡ್ತೇನಿ" ಎಂದು ಅತ್ತೆ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. ನಮ್ಮ ಯಜಮಾನರಿಗೆ ಅಂಗಡಿ ಬಿಡುವ ಹಾಗಿರಲಿಲ್ಲ. ನಾನು, ಸುವರ್ಣಾ, ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವವಳು. ದಸರೆಯ ರಜೆ ಇತ್ತು. ಹೀಗೆ ಅತ್ತೆಯನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನೂ ಅತ್ತೆಯೂ ಹದಿನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದವರು. ಜಗಳವಾಡಿದವರಲ್ಲ, ಜಗಳಕ್ಕೆ ಬೇಕಾದಷ್ಟು ಮಾತೂ ನಮ್ಮ ನಡುವೆ ಇರಲಿಲ್ಲ. ಅವರಿಗೆ ಏನಾದರೂ ಹೇಳುವುದಿದ್ದರೆ ಗೋಡೆಗೋ ಬೆಕ್ಕಿಗೋ ಹೇಳುತ್ತಿದ್ದರು. ನಾನು ಕೇಳಿಸಿಕೊಂಡೂ ಕೇಳದವಳ ಹಾಗೆ ರೊಟ್ಟಿ ಬಡಿಯುತ್ತಿದ್ದೆ.

ಹಾಬೊರೋನೆ

ನಕಾಶೆಯಲ್ಲಿ ನಾನು ಗ್ಯಾಬರೋನ್ ಎಂದು ಓದಿಕೊಂಡಿದ್ದ ರಾಜಧಾನಿಯನ್ನು ಅಲ್ಲಿಯವರು ಗಂಟಲಿನಿಂದ ಹಕಾರ ಹೊರಡಿಸಿ ಹಾಬೊರೋನೆ ಎನ್ನುತ್ತಾರೆ. ಪಕ್ಕದ ದಕ್ಷಿಣ ಆಫ್ರಿಕಾದ ಮೂಲಕ ಬಂದಿದ್ದರೆ ಹತ್ತಿರವಾಗುತ್ತಿತ್ತು. ಆದರೆ ಆಗ ಕರಿಯರನ್ನೂ ನಮ್ಮಂಥವರನ್ನೂ ಬೇರೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಆ ದೇಶಕ್ಕೆ ನಮ್ಮ ಪಾಸ್‌ಪೋರ್ಟ್ ನಡೆಯುತ್ತಿರಲಿಲ್ಲ. ಸುತ್ತಿ ಬಳಸಿ ಬಂದು ಇಳಿದಾಗ ಅತ್ತೆಯ ಎರಡೂ ಮೊಣಕಾಲು ಬಾತುಕೊಂಡಿದ್ದವು.

ಮಾವುನ್‌ಗೆ ಹೋಗುವ ವಿಮಾನ ಒಂಬತ್ತು ಜನ ಕೂರುವಂಥದ್ದು. ನಮ್ಮೂರ ಟೆಂಪೋಗೆ ರೆಕ್ಕೆ ಕಟ್ಟಿದ ಹಾಗಿತ್ತು. ಹತ್ತುವ ಮೊದಲು ಸಾಮಾನನ್ನಷ್ಟೇ ಅಲ್ಲ, ಮನುಷ್ಯರನ್ನೂ ತೂಗುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪೈಲಟ್ ಒಬ್ಬ ಎತ್ತರದ ಯುವಕ. ತಕ್ಕಡಿಯನ್ನು ತೋರಿಸಿ, ಅತ್ತೆಗೆ ಬಗ್ಗಿ ನಮಸ್ಕರಿಸಿ, ನಿಲ್ಲಿ ಎಂದು ಕೈ ಮಾಡಿದ.

ಅತ್ತೆ ಸೆರಗನ್ನು ಬಿಗಿಯಾಗಿ ಹೊದ್ದರು. "ನಾ ಏನ್ ಹತ್ತಿ ಅಂಡಿಗಿ ಏನು, ತಕ್ಕಡಿ ಮ್ಯಾಲ ನಿಂದ್ರಾಕ? ಕೇಳು ಅವನಿಗಿ!"

"ಎಲ್ಲಾರ್ನೂ ತೂಗ್ತಾರ್ರಿ ಅತ್ತಿ. ನನ್ನೂ ತೂಗ್ಯಾರ."

"ನಿನ್ನ ತೂಗ್ಲಿ. ನೀ ಸಾಲಿ ಕಲಿತಾಕಿ."

ಕೊನೆಗೆ ನಿಂತರು, ಕಣ್ಣು ಮುಚ್ಚಿಕೊಂಡು, ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಆಮೇಲೆ ನಮ್ಮ ಚೀಲ ತಕ್ಕಡಿಗೆ ಬಂತು. ಅಂಟಿನ ಉಂಡಿ, ಒಣ ಕೊಬ್ಬರಿ, ಖಾರೀಕು, ಅಜವಾನ, ಶೇಂಗಾ ಹಿಂಡಿ, ಅರ್ಧ ಚೀಲ ಜೋಳದ ಹಿಟ್ಟು. ಪೈಲಟ್ ಮುಳ್ಳು ನೋಡಿ ತಲೆ ಕೆರೆದುಕೊಂಡ.

ಸಮಸ್ಯೆ ಹೀಗಿತ್ತು. ಬಿಸಿಲು ಏರಿದರೆ ಗಾಳಿ ತೆಳ್ಳಗಾಗುತ್ತದೆಯಂತೆ; ಗಾಳಿ ತೆಳ್ಳಗಾದರೆ ವಿಮಾನ ಎತ್ತುವ ಭಾರ ಕಡಿಮೆಯಂತೆ. ಒಬ್ಬರು ಇಳಿಯಬೇಕಿತ್ತು. ಉಳಿದವರಲ್ಲಿ ಒಬ್ಬಳು ಆಸ್ಪತ್ರೆಯಿಂದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳುತ್ತಿದ್ದ ತಾಯಿ. ಅವಳನ್ನು ಇಳಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ಚೀಲ ಬಿಡೋಣವೆಂದರೆ ಅತ್ತೆ ಅದರ ಮೇಲೆ ಕೈ ಊರಿದರು. "ಬಾಣಂತಿ ಏನು ಗಾಳಿ ತಿಂತಾಳೇನು?" ಚೀಲ ಬಿಟ್ಟರೂ ಸಾಲದು ಎಂದು ಪೈಲಟ್ ಹೇಳಿದ. ಮುಂದಿನ ವಿಮಾನ ನಾಲ್ಕು ದಿನದ ಮೇಲೆ.

ನಾನು ಇಳಿದು ರಸ್ತೆ ಹಿಡಿದು ಬರುತ್ತೇನೆ ಎಂದೆ. ಅತ್ತೆಯ ಕಾಲಿಗೆ ರಸ್ತೆ ಆಗಿಬರುವುದಿಲ್ಲ. ಎರಡು ತಾಸು ಕಣ್ಣು ಮುಚ್ಚಿ ಕುಳಿತರೆ ಮಗ ಎದುರಿಗೇ ನಿಂತಿರುತ್ತಾನೆ. ಇಷ್ಟನ್ನೂ ಅವರಿಗೆ ವಿವರಿಸಿದೆ. ಅವರು ಮೆಟ್ಟಿಲು ಹತ್ತಿದರು. ಸಣ್ಣ ಕಿಟಕಿಯಲ್ಲಿ ಅವರ ವಿಭೂತಿ ಹಚ್ಚಿದ ಹಣೆ ಕಂಡಿತು, ಆಮೇಲೆ ಅದೂ ಹೊರಳಿತು.

ವಿಮಾನ ಎದ್ದುಹೋದಾಗ ನನ್ನ ಎದೆ ಹಗುರಾಯಿತು. ಸುಳ್ಳು ಹೇಳಲಾರೆ. ಅತ್ತೆಯ ಕಾಲಿನ ಬಗ್ಗೆ ನಾನು ಹೇಳಿದ್ದೆಲ್ಲ ನಿಜವೇ. ಆದರೆ ಗೋಡೆಯ ಜೊತೆ ಮಾತಾಡುವವರು ಯಾರೂ ಇಲ್ಲದ ಕೆಲವು ದಿನ ಸಿಗುತ್ತವೆ ಎಂಬ ಸಂತೋಷವೂ ಅಷ್ಟೇ ನಿಜ.

ಅಲ್ಲೇ ಲಸಿಕೆಯ ಮಂಜುಗಡ್ಡೆ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸಿಕೊಳ್ಳುತ್ತಿದ್ದ ನರ್ಸ್ ಒಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ನನ್ನದೇ ವಯಸ್ಸು, ದುಂಡು ಮುಖ, ಹೆಸರು ತೆಬೊಗೊ. ಹಳ್ಳಿಗಳ ದವಾಖಾನೆಗಳಿಗೆ ಲಸಿಕೆ ಮುಟ್ಟಿಸುತ್ತ ಮಾವುನ್‌ವರೆಗೂ ಹೋಗುವವಳು.

"ಎಂಟು ನೂರು ಕಿಲೋಮೀಟರಿಗೂ ಹೆಚ್ಚು. ಅರ್ಧ ದಾರಿ ಮರಳು. ನಿಲ್ಲುತ್ತ ನಿಲ್ಲುತ್ತ ಮೂರು ದಿನ," ಎಂದಳು ಇಂಗ್ಲಿಷಿನಲ್ಲಿ. "ನನ್ನ ಪಕ್ಕದ ಸೀಟು ಖಾಲಿ ಇದೆ. ಬಾ."

ಹೆಸರು ಗೊತ್ತಾಗಿ ಐದು ನಿಮಿಷವಾಗದ ಪರದೇಶಿಯನ್ನು ಹೀಗೆ ಕರೆಯುವ ಜನ ಅವರು. ನಾನು ಹತ್ತಿ ಕುಳಿತೆ.

ಸೆರೋವೆ

ಮೊದಲ ದಿನದ ರಸ್ತೆ ಡಾಂಬರಿನದು. ಎರಡೂ ಕಡೆ ಮುಳ್ಳು ಜಾಲಿ, ಕೆಂಪು ನೆಲ, ರಸ್ತೆಯ ನಡುವೆ ಗೌಡರ ಹಾಗೆ ನಿಂತ ದನಗಳು. ತೆಬೊಗೊ ಒಮ್ಮೆಯೂ ಹಾರ್ನ್ ಬಾರಿಸಲಿಲ್ಲ. ಗಾಡಿ ನಿಲ್ಲಿಸುವಳು, ದನ ಯೋಚನೆ ಮಾಡಿ ಸರಿಯುವವರೆಗೆ ಕಾಯುವಳು. "ಅದರ ದೇಶವೂ ಹೌದಲ್ಲ," ಎನ್ನುವಳು. ನಮ್ಮ ಗುಲಬರ್ಗಾ ಬಸ್ಸಿನ ಡ್ರೈವರ್ ನೆನಪಾಗಿ ನಗು ಬಂತು.

ಸಂಜೆ ಸೆರೋವೆ ಎಂಬ ದೊಡ್ಡ ಹಳ್ಳಿ ಸೇರಿದೆವು. ಅಂಚೆ ಕಚೇರಿಯಲ್ಲಿ ಟೆಲಿಫೋನ್ ಇತ್ತು. ಮುಚ್ಚುವ ಹೊತ್ತು. ನಾನು ಓಡಿಹೋಗಿ, "ಮಾವುನ್ ಶಾಲೆಗೆ ಫೋನು ಮಾಡಬೇಕು, ಬೇಗ," ಎಂದೆ.

ಕಿಟಕಿಯ ಆಚೆ ಕುಳಿತಿದ್ದ ಹಿರಿಯ ಗುಮಾಸ್ತ ನನ್ನನ್ನೇ ನೋಡಿದ. ಸಿಟ್ಟಿಲ್ಲ, ಅವಸರವೂ ಇಲ್ಲ. "ದುಮೆಲಾ, ಮ್ಮಾ," ಎಂದ.

ತೆಬೊಗೊ ಹಿಂದಿನಿಂದ ಪಿಸುಗುಟ್ಟಿದಳು: "ಮೊದಲು ನಮಸ್ಕಾರ. ಆಮೇಲೆ ಕೆಲಸ."

ನನಗೆ ನಾಚಿಕೆಯಾಯಿತು. "ದುಮೆಲಾ, ರ್ರಾ," ಎಂದೆ. ಹೆಣ್ಣಿಗೆ ಮ್ಮಾ, ಗಂಡಿಗೆ ರ್ರಾ. ಅದಿಲ್ಲದೆ ಆ ಜನರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ನಾವು ಹೌದ್ರಿ, ಬರ್ರಿ ಎನ್ನುವ ಹಾಗೆಯೇ. ಸಾವಿರಾರು ಮೈಲಿ ಬಂದು, ನಮ್ಮ ಮಾತಿನ ಬಾಲವನ್ನೇ ಬೇರೊಬ್ಬರ ಮಾತಿನಲ್ಲಿ ಕೇಳಿದ ಹಾಗಾಯಿತು.

ಗುಮಾಸ್ತ ನಕ್ಕ. ನನ್ನ ಪಯಣ ಹೇಗಾಯಿತೆಂದು ಕೇಳಿದ. ಆಮೇಲೆ ಫೋನು ಹಚ್ಚಿಕೊಟ್ಟ.

ಬಸವರಾಜನೇ ಎತ್ತಿದ. "ವೈನಿ, ಎಲ್ಲಿದ್ದೀರಿ? ವಿಮಾನ ಬರ್ಲೇ ಇಲ್ಲಲ್ರಿ! ಮಧ್ಯಾಹ್ನದಿಂದ ಇಲ್ಲಿ ಧೂಳ ಎದ್ದದ, ಕೈ ಕಾಣವಲ್ದು. ನೀವು ಇನ್ನೂ ಹೊರಟೇ ಇಲ್ಲ ಅಂತ ತಿಳಿದಿದ್ದೆ."

"ಅವ್ವ ಅವರು ಅದರಾಗೇ ಕೂತಾರಪ್ಪ," ಎಂದೆ. "ಹೊರಟು ಐದು ತಾಸಾತು."

ಅವನು ಕೇಳಿದ, "ಆಕಿ ಒಬ್ಬಾಕೇನೇ?"

ನಾನು ಫೋನು ಇಟ್ಟು, ಆದದ್ದನ್ನು ತೆಬೊಗೊಳಿಗೂ ಗುಮಾಸ್ತನಿಗೂ ಹೇಳಿದೆ.

ಗುಮಾಸ್ತ ಕಚೇರಿ ಮುಚ್ಚಲಿಲ್ಲ. ಕೀಲಿಕೈ ಮೇಜಿನ ಮೇಲಿಟ್ಟು, ಗೊತ್ತಿದ್ದ ಎಲ್ಲ ಠಾಣೆಗಳಿಗೆ, ಗಣಿಯ ಕಚೇರಿಗೆ, ದವಾಖಾನೆಗಳಿಗೆ ಒಂದೊಂದಾಗಿ ಫೋನು ಮಾಡಿದ. ಪ್ರತಿಯೊಂದು ಕರೆಯಲ್ಲೂ ಮೊದಲು ದುಮೆಲಾ, ಆ ಕಡೆಯವರ ಕ್ಷೇಮ, ಮಳೆಯ ಸುದ್ದಿ, ಆಮೇಲೆ ನಮ್ಮ ವಿಮಾನ. ಎಲ್ಲಿಯೂ ಸುದ್ದಿಯಿಲ್ಲ. ಮೊದಮೊದಲು ಆ ಕುಶಲೋಪರಿ ಕೇಳಿ ನನ್ನ ಜೀವ ಕುದಿಯುತ್ತಿತ್ತು. ಆಮೇಲೆ ಗಮನಿಸಿದೆ: ಕ್ಷೇಮ ವಿಚಾರಿಸಿಕೊಂಡ ಪ್ರತಿಯೊಬ್ಬನೂ ಇನ್ನೊಬ್ಬನನ್ನು ಕೇಳಿ ತಿಳಿಸುತ್ತೇನೆ ಎನ್ನುತ್ತಿದ್ದ.

ಅಂದು ತೆಬೊಗೊಳ ಅಕ್ಕನ ಮನೆಯಲ್ಲಿ ಇಳಿದುಕೊಂಡೆವು. ಊಟಕ್ಕೆ ಜೋಳದ ಅಂಬಲಿ, ಹುಳಿ ಹಾಲು. ನಾನು ಬಟ್ಟಲನ್ನು ಹಾಗೇ ಇಟ್ಟೆ.

ಲೆಟ್ಲಾಕಾನೆ

ಮರುದಿನ ಬೆಳಕು ಹರಿಯುವ ಮೊದಲೇ ತೆಬೊಗೊ ಗಾಡಿ ಹೊರಡಿಸಿದಳು. ನಿಲ್ಲಬೇಕಾದ ಎರಡು ದವಾಖಾನೆಗಳಿಗೆ ಮರಳುವಾಗ ಬರುತ್ತೇನೆ ಎಂದು ಹೇಳಿಕಳಿಸಿದ್ದಳು. ನನಗಾಗಿ ಎಂದು ಹೇಳಲಿಲ್ಲ.

ದಾರಿಯಲ್ಲಿ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, ವಿಮಾನ ಏರಿದಾಗ ನನಗೆ ಸಂತೋಷವಾಗಿತ್ತೆಂದು ಅವಳ ಮುಂದೆ ಹೇಳಿಬಿಟ್ಟೆ. ನಮ್ಮೂರಲ್ಲಿ ಯಾರ ಮುಂದೆಯೂ ಹೇಳಲಾಗದ ಮಾತನ್ನು ನಿನ್ನೆ ಕಂಡವಳಿಗೆ ಹೇಳಿದೆ.

ತೆಬೊಗೊ ನಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ನಮ್ಮಲ್ಲಿ ಅತ್ತೆಗೆ ಮತ್ಸಾಲೆ ಎನ್ನುತ್ತೇವೆ," ಎಂದಳು. "ನನ್ನ ಮತ್ಸಾಲೆ ತನ್ನ ತಂಗಿಯ ಮನೆಗೆ ಹೋದಾಗ ನಾನು ಒಬ್ಬಳೇ ಹಾಡುತ್ತ ಅಂಗಳ ಗುಡಿಸುತ್ತೇನೆ. ಮೂರನೆಯ ದಿನ ಯಾವಾಗ ಬರುತ್ತಾಳೆಂದು ದಾರಿ ನೋಡುತ್ತೇನೆ. ನಿನಗೆ ಆ ಮೂರನೆಯ ದಿನ ಬೇಗ ಬಂತು, ಅಷ್ಟೆ."

ಲೆಟ್ಲಾಕಾನೆಯ ಪೊಲೀಸ್ ಠಾಣೆಯಲ್ಲಿ ನಮ್ಮನ್ನು ಕಂಡ ಕೂಡಲೇ ಒಬ್ಬ ಪೇದೆ ಎದ್ದು ನಿಂತ. ಸೆರೋವೆಯ ಗುಮಾಸ್ತನ ಕರೆ ಇಲ್ಲಿಗೂ ಬಂದಿತ್ತು. ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಸಿಕ್ಕಿತ್ತು. ಧೂಳಿನಿಂದಾಗಿ ಪೈಲಟ್ ಮಾವುನ್‌ಗೆ ಹೋಗದೆ, ದಾರಿಯಲ್ಲಿನ ರಾಕೊಪ್ಸ್ ಎಂಬ ಹಳ್ಳಿಯ ಮಣ್ಣಿನ ಓಡುಪಟ್ಟಿಯಲ್ಲಿ ವಿಮಾನ ಇಳಿಸಿದ್ದ. ಇಳಿಯುವಾಗ ಗಾಲಿ ಕಲ್ಲಿಗೆ ತಾಗಿ ಕೆಟ್ಟಿತ್ತು. ಜನರೆಲ್ಲ ಕ್ಷೇಮ. ಮಾವುನ್ ಶಾಲೆಗೂ ತಿಳಿಸಲಾಗಿತ್ತು. ಹಾದಿಯಲ್ಲಿ ನಾವು ಇರುವುದರಿಂದ ಬಾಣಂತಿಯನ್ನು ಬಿಟ್ಟು ಬರಬೇಡ ಎಂದು ಬಸವರಾಜನಿಗೆ ಹೇಳಿದ್ದರು.

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಪೇದೆ ಒಂದು ಲೋಟ ನೀರು ತಂದು ಎರಡೂ ಕೈಯಿಂದ ಹಿಡಿದು ಕೊಟ್ಟ. ಎಷ್ಟು ಸಣ್ಣದನ್ನು ಕೊಟ್ಟರೂ ಎರಡೂ ಕೈಯಿಂದಲೇ ಕೊಡುವುದು ಅವರ ರೂಢಿ.

ರಾಕೊಪ್ಸ್

ಅಲ್ಲಿಂದ ಮುಂದೆ ರಸ್ತೆ ಎಂದರೆ ಮರಳಿನಲ್ಲಿ ಎರಡು ಗೆರೆ. ಎರಡು ಸಲ ಗಾಲಿ ಹೂತಿತು. ಎರಡು ಸಲವೂ ಎಲ್ಲಿಂದಲೋ ಜನ ಬಂದು ತಳ್ಳಿದರು. ಮಧ್ಯಾಹ್ನ ದಾಟಿದ ಮೇಲೆ ರಾಕೊಪ್ಸ್ ಕಂಡಿತು. ಹುಲ್ಲಿನ ಚಾವಣಿಯ ದುಂಡು ಮನೆಗಳು, ಪಕ್ಕದಲ್ಲಿ ನೀರಿಲ್ಲದ ನದಿ. ಹೆಂಗಸರು ನದಿಯ ಮರಳು ತೋಡಿ ಒರತೆಯ ನೀರನ್ನು ಬೊಗಸೆಯಿಂದ ತುಂಬಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಘತ್ತರಗಿಯ ಹತ್ತಿರ ಭೀಮೆಯಲ್ಲಿ ನಾವು ಮಾಡುವುದೂ ಇದನ್ನೇ.

ದವಾಖಾನೆಗೆ ಓಡಿದೆ. ಶಸ್ತ್ರಚಿಕಿತ್ಸೆಯಾದ ಮಗುವನ್ನೂ ತಾಯಿಯನ್ನೂ ಬೆಳಿಗ್ಗೆಯೇ ಗಾಡಿಯಲ್ಲಿ ಮಾವುನ್‌ಗೆ ಕಳಿಸಿದ್ದರು. ಪೈಲಟ್ ಮೆಕ್ಯಾನಿಕ್ ಜೊತೆ ವಿಮಾನದ ಹತ್ತಿರವಿದ್ದ. ಆದರೆ ಅತ್ತೆ ಅಲ್ಲಿರಲಿಲ್ಲ. ಹಸಿರು ಸೀರೆಯ ಮುದುಕಿ, ಹಣೆಗೆ ಬೂದಿ, ಎಂದು ನಾನು ಕೈಸನ್ನೆ ಮಾಡುತ್ತಿದ್ದಾಗ ಕತ್ತೆಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ನಿಂತ.

"ದುಮೆಲಾ, ಮ್ಮಾ. ನೀವು ಮ್ಮಾಬಾಸು ಅವರನ್ನು ಹುಡುಕುತ್ತಿದ್ದೀರಾ?" ಎಂದು ಕೇಳಿದನೆಂದು ತೆಬೊಗೊ ತಿಳಿಸಿದಳು.

"ಯಾರು ಮ್ಮಾಬಾಸು?"

ತೆಬೊಗೊ ನಕ್ಕಳು. ಅಲ್ಲಿ ಹೆಂಗಸನ್ನು ಮಕ್ಕಳ ಹೆಸರಿನಿಂದ ಕರೆಯುತ್ತಾರೆ. ನಲೇದಿ ಎಂಬವಳ ತಾಯಿ ಮ್ಮಾನಲೇದಿ. ನಮ್ಮ ಅತ್ತೆ ಇಳಿದಾಗಿನಿಂದ ಕಂಡಕಂಡವರಿಗೆ "ಬಾಸು, ನನ್ನ ಮಗ ಬಾಸು" ಎಂದು ಬಸವರಾಜನ ಹೆಸರು ಹೇಳಿದ್ದರಂತೆ. ಒಂದೇ ದಿನದಲ್ಲಿ ಊರಿಗೆಲ್ಲ ಅವರು ಮ್ಮಾಬಾಸು ಆಗಿದ್ದರು. ನಮ್ಮ ಓಣಿಯಲ್ಲೂ ಅವರು ಬಸ್ಯಾನ ಅವ್ವನೇ.

ಮುದುಕ ತೋರಿಸಿದ ಮನೆಗೆ ಹೋದೆವು. ಸೆಗಣಿ ಮಣ್ಣಿನಿಂದ ಸಾರಿಸಿದ ಅಂಗಳ, ಸುತ್ತ ಮೊಣಕಾಲೆತ್ತರದ ಮಣ್ಣಿನ ಗೋಡೆ, ಅದರ ಮೇಲೆ ಬೆರಳಿನಿಂದ ಎಳೆದ ಅಲೆಯಂಥ ಚಿತ್ತಾರ. ಅಷ್ಟು ಚೊಕ್ಕಟವಾದ ಅಂಗಳವನ್ನು ನಾನು ನಮ್ಮ ತಾಲೂಕಿನಲ್ಲಿ ಕಂಡಿಲ್ಲ. ನಡುವೆ ಅತ್ತೆ ಕುಳಿತಿದ್ದರು. ಮೊಣಕಾಲಿಗೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು. ಮುಂದೆ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಬೋರಲು ಹಾಕಿದ ಕಬ್ಬಿಣದ ಗಡಿಗೆ, ಗಡಿಗೆಯ ಬೆನ್ನ ಮೇಲೆ ರೊಟ್ಟಿ! ಎದುರಿಗೆ ಅವರದೇ ವಯಸ್ಸಿನ ಮನೆಯೊಡತಿ ಮ್ಮಾನಲೇದಿ ಒನಕೆ ಹಿಡಿದು ಜೋಳ ಕುಟ್ಟುತ್ತಿದ್ದಳು.

"ಕುಟ್ಟಿದ್ರ ನುಚ್ಚಾಗ್ತದಬೇ, ಹಿಟ್ಟಾಗಂಗಿಲ್ಲ. ಬೀಸಬೇಕು, ಬೀಸಬೇಕು," ಎಂದು ಅತ್ತೆ ಕೈ ತಿರುಗಿಸಿ ತೋರಿಸುತ್ತಿದ್ದರು. ಮ್ಮಾನಲೇದಿ ಸೆತ್ಸ್ವಾನಾ ಭಾಷೆಯಲ್ಲಿ ಅಷ್ಟೇ ಉದ್ದದ ಉತ್ತರ ಕೊಟ್ಟು, ಒನಕೆಯನ್ನು ಇನ್ನಷ್ಟು ಜೋರಾಗಿ ಹಾಕಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಜಗಳ ಮಾತ್ರ ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು.

ಅತ್ತೆ ತಲೆಯೆತ್ತಿ ನನ್ನನ್ನು ಕಂಡರು. ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು.

"ಬಂದೇನಬೇ? ಉಂಡೀ ಏನು?"

"ಇಲ್ರಿ ಅತ್ತಿ."

"ಗೊತ್ತದ. ಮಾರಿ ನೋಡು, ಒಣಗಿದ ಹುಣಸಿಕಾಯಿ ಆಗ್ಯಾದ. ಕೂಡ್ರು."

ಒಲೆಯ ಮೇಲಿನ ರೊಟ್ಟಿಯನ್ನು ತೆಗೆದು ನನ್ನ ಕೈಗಿಟ್ಟರು. ಅರ್ಧ ಸೀದಿತ್ತು. ನಾನು ಅದನ್ನು ಪೂರ್ತಿ ತಿಂದೆ.

ಬೆಳಿಗ್ಗೆ ಅವರು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತಾಗ, ಅಂಗಳದ ಹೆಂಗಸರೆಲ್ಲ ಒನಕೆ ನಿಲ್ಲಿಸಿ ಮುಗಿಯುವವರೆಗೂ ಸುಮ್ಮನೆ ನಿಂತಿದ್ದರೆಂದು ಮ್ಮಾನಲೇದಿ ತೆಬೊಗೊಳಿಗೆ ಹೇಳಿದಳು. ಅಂಗೈಯಲ್ಲಿ ದೇವರನ್ನು ಕಂಡವಳ ಮುಂದೆ ಸದ್ದು ಮಾಡುವುದು ಹೇಗೆ, ಎಂದಳಂತೆ.

ಅಂದು ಸಂಜೆ ಅತ್ತೆ ತಾವಾಗಿಯೇ ಹೇಳಿದರು. ಗೋಡೆಗಲ್ಲ, ನನಗೆ. "ಮ್ಯಾಲ ವಿಮಾನ ಹ್ಯಾಂಗ ಅಲ್ಲಾಡ್ತು ಅಂತಿ! ಹೊರಗ ಬರೇ ಕೆಂಪ ಧೂಳ. ಮುಗೀತು ಅಂತ ತಿಳಕೊಂಡೆ. ಆವಾಗ ಒಂದೇ ಮಾತು ತಲ್ಯಾಗ ಬಂತು. ಪುಣ್ಯಾ, ನೀ ಇದರಾಗ ಇಲ್ಲ. ಮನಿ ನೋಡಾಕಿ ಒಬ್ಬಾಕಿ ಉಳದಾಳ ಅಂತ."

ನನಗೆ ಅವರ ಮುಖ ನೋಡಲಾಗಲಿಲ್ಲ.

ಮಾವುನ್

ಮೂರನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಗಾಲಿ ಸರಿಯಾಗಿತ್ತು. ಪೈಲಟ್ ಬಂದು ಟೋಪಿ ತೆಗೆದು, ಮ್ಮಾಬಾಸು ಅವರ ಕ್ಷಮೆ ಕೇಳಿದ. ಇನ್ನು ಅರ್ಧ ತಾಸಿಗೂ ಸ್ವಲ್ಪ ಹೆಚ್ಚು, ಮಾವುನ್‌ನಲ್ಲಿ ಇರುತ್ತೀರಿ ಎಂದ. ಮಣ್ಣಿನ ಗಿಡ್ಡ ಪಟ್ಟಿಯಿಂದ ಏಳಬೇಕಾದ್ದರಿಂದ ಹೊಸಬರನ್ನು ಹತ್ತಿಸಿಕೊಳ್ಳುವ ಹಾಗಿರಲಿಲ್ಲ. ರಸ್ತೆಯಲ್ಲಾದರೆ ಮರಳಿನಲ್ಲಿ ಇಡೀ ದಿನ.

"ಹೋಗ್ರಿ ಅತ್ತಿ. ಈಗ ಹವಾ ಚಲೋ ಅದ. ನಾ ಸಂಜಿಗಿ ಬಂದು ಮುಟ್ತೇನಿ," ಎಂದೆ.

ಅತ್ತೆ ವಿಮಾನವನ್ನು ನೋಡಿದರು. ತೆಬೊಗೊಳ ವ್ಯಾನನ್ನು ನೋಡಿದರು. ಮ್ಮಾನಲೇದಿಯ ತೋಳು ಹಿಡಿದು ಎದ್ದು, ಕುಂಟುತ್ತ ವ್ಯಾನಿನ ಬಾಗಿಲಿಗೆ ನಡೆದರು.

"ನಿಮ್ಮ ಕಾಲು...?"

"ನನ್ನ ಕಾಲಿನ ಫಿಕರ್ ನನಗ ಬಿಡು. ಮ್ಯಾಲ ಹೋದ್ರ ಊರೂ ಕಾಣಂಗಿಲ್ಲ, ಮಂದೀನೂ ಕಾಣಂಗಿಲ್ಲ. ಸರಿ ಅತ್ಲಾಗ."

ಮ್ಮಾನಲೇದಿ ಒಂದು ಬಟ್ಟೆಯ ಗಂಟಿನಲ್ಲಿ ಕುಟ್ಟಿದ ಜೋಳ ತಂದುಕೊಟ್ಟಳು, ಎರಡೂ ಕೈಯಿಂದ. ಅತ್ತೆ ಎರಡೂ ಕೈ ಚಾಚಿ ತೆಗೆದುಕೊಂಡು, "ಶರಣ್ರೀ ಯವ್ವಾ," ಎಂದರು. ಆಕೆ "ಈ, ಮ್ಮಾ," ಎಂದು ಹೂಂಗುಟ್ಟಿದಳು. ಇಬ್ಬರ ಕಣ್ಣಲ್ಲೂ ನೀರಿತ್ತು.

ವ್ಯಾನಿನಲ್ಲಿ ನಾವು ಮೂವರು ಒತ್ತಿಕೊಂಡು ಕುಳಿತೆವು. ದಾರಿಯಲ್ಲಿ ಒಂದು ಬೇಲಿ ಅಡ್ಡ ಬಂತು. ದನದ ಕಾಲುಬಾಯಿ ರೋಗ ಈ ಕಡೆಯಿಂದ ಆ ಕಡೆಗೆ ದಾಟದಿರಲೆಂದು ದೇಶದ ಉದ್ದಕ್ಕೂ ಹಾಕಿದ ಬೇಲಿ. ನಾವೆಲ್ಲ ಇಳಿದು ಔಷಧದ ನೀರಿನಲ್ಲಿ ಚಪ್ಪಲಿ ಅದ್ದಿ ನಡೆಯಬೇಕಿತ್ತು. "ದನಕ್ಕ ಇಷ್ಟು ಮರ್ಯಾದಿ ಮಾಡೋ ಮಂದಿ, ಮನಶ್ಯಾರಿಗಿ ಮಾಡದೇ ಇರ್ತಾರೇನು?" ಎಂದು ಅತ್ತೆ ಮೆಚ್ಚಿಕೊಂಡರು.

ಮತ್ತೆ ಗಾಡಿ ಹತ್ತಿದ ಮೇಲೆ ನಾನು ಧೈರ್ಯ ಮಾಡಿದೆ. "ಅತ್ತಿ, ನಿಮಗ ಒಂದು ಮಾತು ಹೇಳ್ಬೇಕ್ರಿ. ಅವತ್ತು ವಿಮಾನ ಹೋದಾಗ ನಂಗ..."

"ಸುಮ್ನಿರು," ಎಂದರು. ಸಿಟ್ಟಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು, "ಕಿಡಕ್ಯಾಗಿಂದ ನಿನ್ನ ಮಾರಿ ನೋಡೀನಿ. ನಾನೂ ಒಂದ್ ಮನಿಗಿ ಸೊಸಿಯಾಗಿ ಬಂದಾಕೇನೇ. ನಮ್ಮತ್ತಿ ಜಿಡಗಾ ಮಠಕ್ಕ ಹೋದ್ರ ನಾ ಎರಡು ಸಲ ಚಹಾ ಮಾಡ್ಕೊಂಡು ಕುಡೀತಿದ್ದೆ."

ಏನಾಯಿತೆಂದು ತೆಬೊಗೊ ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಕ್ಕ ನಗೆಗೆ ಗಾಡಿ ಒಮ್ಮೆ ಗೆರೆ ಬಿಟ್ಟು ಮರಳಿಗೆ ಇಳಿಯಿತು. ಅತ್ತೆಯೂ ನಕ್ಕರು. ಹದಿನಾಲ್ಕು ವರ್ಷದಲ್ಲಿ ಅವರು ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಳಿಹೊತ್ತಿಗೆ ಮಾವುನ್ ಸೇರಿದೆವು. ಮರಳಿನ ಬೀದಿಗಳು, ಬೇಲಿಗೆ ಆನಿಕೊಂಡ ಕತ್ತೆಗಳು, ಹಿಂದೆ ದೊಡ್ಡ ಮರಗಳ ನೆರಳಲ್ಲಿ ನಿಧಾನವಾಗಿ ಹರಿಯುವ ನದಿ. ಶಾಲೆಯ ಹಿಂದಿನ ಸಣ್ಣ ಮನೆಯಿಂದ ಬಸವರಾಜ ಬರಿಗಾಲಲ್ಲಿ ಓಡಿಬಂದ. ತಾಯಿಯನ್ನು ಎತ್ತಿಯೇ ಇಳಿಸಿದ.

"ಯವ್ವಾ, ಬಾ ಒಳಗ. ಕೂಸಿನ ಮಾರಿ ನೋಡು ಬಾ."

ಅತ್ತೆ ಹೊಸ್ತಿಲ ಹತ್ತಿರ ನಿಂತು, ಹಿಂದೆ ತಿರುಗಿ ನನ್ನನ್ನು ನೋಡಿದರು.

"ಕೂಸು ಎಲ್ಲಿಗೂ ಓಡಿಹೋಗಂಗಿಲ್ಲಲೇ. ಸುವರ್ಣಾ ಮೂರು ದಿನದಿಂದ ನೆಟ್ಟಗ ಉಂಡಿಲ್ಲ, ಮಲಗಿಲ್ಲ. ಮದಲ ಆಕೀಗಿ ಮೈಮ್ಯಾಲ ನೀರು ಹಾಕ್ಕೊಳ್ಳಾಕ ಬಿಸಿನೀರು ಕಾಸು."

ನೀರು ಕಾಯುವ ತನಕ ಅವರು ಕೂಸಿನ ಕೋಣೆಗೆ ಹೋಗಲಿಲ್ಲ.